ಅಡ್ಡ ಪರದೆ, ಉದ್ದ ಕಾಗದ

ಗೌಡಗೆರೆ ಶಿರಾ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಇಂಥ ಊರಿನ ಜೆರಾಕ್ಸ್ ಅಂಗಡಿಗೆ ದಿನವೂ ಎರಡು ಜಾತಿಯ ಕಾಗದ ಬರುತ್ತದೆ. ಒಂದು ಪಹಣಿ. ನಮೂನೆ 16 ಎಂಬ ಈ ಪತ್ರಿಕೆ ಹುಟ್ಟಿನಿಂದಲೇ ಅಡ್ಡ: ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಖರಾಬು, ಮಣ್ಣಿನ ನಮೂನೆ, ಒಂಬತ್ತನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, ಹನ್ನೊಂದರಲ್ಲಿ ಬ್ಯಾಂಕಿನ ಸಾಲ, ಆಮೇಲೆ ಬೆಳೆಯ ವಿವರ ಎಂದು ಎಡದಿಂದ ಬಲಕ್ಕೆ ಸಾಗುತ್ತಲೇ ಹೋಗುತ್ತದೆ. ಇನ್ನೊಂದು ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ಕರಾರು. ಇವೆಲ್ಲ ಉದ್ದ. ದಸ್ತಾವೇಜು ಬರಹಗಾರರು ಬಹುಕಾಲದಿಂದ ಬಳಸುತ್ತ ಬಂದ ಲೀಗಲ್ ಹಾಳೆ ಎಂಟೂವರೆ ಅಂಗುಲ ಅಗಲ, ಹದಿನಾಲ್ಕು ಅಂಗುಲ ಎತ್ತರ. ಎರಡೂ ಕಾಗದಗಳನ್ನು ತೆರೆದು, ತಿದ್ದಿ, ಪ್ರಿಂಟ್ ತೆಗೆಯುವ ಮಾನಿಟರ್ ಮಾತ್ರ ಒಂದೇ, ಅದು ಸದಾ ಅಡ್ಡ.

ಆ ಮಾನಿಟರನ್ನು ಎಬ್ಬಿಸಿ ನಿಲ್ಲಿಸಬಹುದು ಎಂಬುದು ಎಷ್ಟೋ ಜನರಿಗೆ ತಿಳಿದಿಲ್ಲ. ತಿಳಿದವರಲ್ಲಿ ಹಲವರಿಗೆ ಅದು ಗೊತ್ತಾಗಿರುವುದು ಕೈತಪ್ಪಿನಿಂದ. ಯಾವುದೋ ಕೀ ಒತ್ತಿದಾಗ ಪರದೆ ತಲೆಕೆಳಗಾಗಿ, ಗಾಬರಿಯಾಗಿ, ರಿಪೇರಿಯವನನ್ನು ಕರೆದದ್ದರಿಂದ. ಪರದೆ ಯಾವ ದಿಕ್ಕಿಗಿರಬೇಕು ಎಂಬ ಪ್ರಶ್ನೆ ಕೇಳಲಿಕ್ಕೆ ಸಣ್ಣದು. ಉತ್ತರ ಹುಡುಕಹೊರಟರೆ ಸಿನಿಮಾ ರೀಲು, ಓಲೆಗರಿ, ಒತ್ತಕ್ಷರ, ಕತ್ತುನೋವು, ಕಂದಾಯ ಇಲಾಖೆ ಎಲ್ಲವೂ ದಾರಿಯಲ್ಲಿ ಎದುರಾಗುತ್ತವೆ.

ಪರದೆಯನ್ನು ಅಡ್ಡ ಮಲಗಿಸಿದ್ದು ಓದುವವರಲ್ಲ, ಬರೆಯುವವರೂ ಅಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಎಡಿಸನ್ನನ ಪ್ರಯೋಗಾಲಯದಲ್ಲಿ ಡಿಕ್ಸನ್ ಎಂಬಾತ 35 ಮಿ.ಮೀ. ಫಿಲ್ಮಿನ ಮೇಲೆ ನಾಲ್ಕು ರಂಧ್ರಗಳಿಗೊಂದು ಚೌಕಟ್ಟು ಎಂದು ಗೊತ್ತುಮಾಡಿದ. ಅದರಿಂದ 4:3 ಎಂಬ ಅಳತೆ ಬಂತು. ಸಿನಿಮಾದ ಅಳತೆಯನ್ನು ಟೀವಿ ಎತ್ತಿಕೊಂಡಿತು, ಟೀವಿಯ ಕೊಳವೆಯನ್ನು ಕಂಪ್ಯೂಟರ್ ಎತ್ತಿಕೊಂಡಿತು. ಮುಂದೆ ಟೀವಿ 16:9ಕ್ಕೆ ಅಗಲವಾದಾಗ, ಅದೇ ಕಾರ್ಖಾನೆಗಳಲ್ಲಿ ಅದೇ ಗಾಜಿನ ಹಲಗೆಯಿಂದ ಕತ್ತರಿಸಿದ ಲ್ಯಾಪ್‌ಟಾಪ್ ಪರದೆಗಳೂ ಅಗಲವಾದವು. 2010ರ ಆಸುಪಾಸಿನಲ್ಲಿ ಸಾಮಾನ್ಯ ಬೆಲೆಯ ಲ್ಯಾಪ್‌ಟಾಪ್ ಎಂದರೆ 1366×768 ಚುಕ್ಕಿಗಳ ಪರದೆ ಎಂದೇ ಆಗಿಹೋಯಿತು. ಅಗಲ ಧಾರಾಳ, ಎತ್ತರ ಜಿಪುಣ. ಮೇಲೆ ಒಂದಿಷ್ಟು ಮೆನು, ಕೆಳಗೆ ಟಾಸ್ಕ್‌ಬಾರ್ ಹೋದರೆ ಓದಲು ಉಳಿಯುವುದು ಒಂದು ಕಿಟಕಿಯಷ್ಟು ಜಾಗ.

ಬೇರೆ ದಾರಿ ಇರಲಿಲ್ಲವೆಂದಲ್ಲ. ಇಂದಿನ ಕಿಟಕಿ, ಮೌಸ್, ಐಕಾನುಗಳ ಕಂಪ್ಯೂಟರಿಗೆ ಮೂಲಪುರುಷ ಎನ್ನಬಹುದಾದ ಜೆರಾಕ್ಸ್ ಕಂಪನಿಯ ಆಲ್ಟೋ ಯಂತ್ರ 1973ರಲ್ಲಿ ಸಿದ್ಧವಾದಾಗ ಅದರ ಪರದೆ ನಿಂತೇ ಇತ್ತು: 606 ಚುಕ್ಕಿ ಅಗಲ, 808 ಚುಕ್ಕಿ ಎತ್ತರ. ಕಾಗದದ ಹಾಳೆಯೊಂದು ಪರದೆಯ ಮೇಲೆ ಹಾಗೆಯೇ ಕಾಣಬೇಕು ಎಂಬುದು ಅದನ್ನು ಕಟ್ಟಿದವರ ಹಟ. ನಮ್ಮ ಬೀದಿಗಳಲ್ಲಿ ನಕಲು ತೆಗೆಯುವ ಕೆಲಸಕ್ಕೇ ಹೆಸರಾಗಿ ನಿಂತ ಕಂಪನಿ ಕಾಗದದ ಆಕಾರವನ್ನು ಮರೆಯದೆ ಇದ್ದದ್ದು ಸಹಜವೇ. ಆಪಲ್ 1989ರಲ್ಲಿ 640×870 ಚುಕ್ಕಿಗಳ ನಿಂತ ಪರದೆಯೊಂದನ್ನು ಮಾರಿತು. ಆಪಲ್ ಬಿಟ್ಟು ಹೊರಬಂದ ಎಂಜಿನಿಯರುಗಳು ಕಟ್ಟಿದ ರೇಡಿಯಸ್ ಕಂಪನಿ ಇನ್ನೂ ಮುಂದೆ ಹೋಗಿ, ಕೈಯಿಂದ ತಿರುಗಿಸಿದರೆ ಚಿತ್ರವೂ ತಾನೇ ತಿರುಗುವ ‘ಪಿವಟ್’ ಮಾನಿಟರ್ ತಂದಿತು. ಮುದ್ರಣದವರು ಮೆಚ್ಚಿದರು. ಆದರೆ ಬೆಲೆ ಮುದ್ರಣದವರಿಗಷ್ಟೇ ಎಟಕುವಂತಿತ್ತು. ಅಗ್ಗದ ಟೀವಿ ಕೊಳವೆಯ ಮುಂದೆ ಹಾಳೆಯ ಆಕಾರ ಸೋತಿತು.

ಸೋತದ್ದರಿಂದ ಆದ ನಷ್ಟ ಎಷ್ಟು? ಸಾಮಾನ್ಯವಾದ 24 ಅಂಗುಲದ, 1920×1080 ಚುಕ್ಕಿಗಳ ಮಾನಿಟರನ್ನೇ ತೆಗೆದುಕೊಳ್ಳಬಹುದು. ಅಡ್ಡ ಇಟ್ಟಾಗ ಎ4 ಹಾಳೆಯೊಂದು ಪೂರ್ತಿ ಕಾಣಬೇಕಾದರೆ ಅದಕ್ಕೆ ಸಿಗುವುದು 764 ಚುಕ್ಕಿಗಳ ಅಗಲ ಮಾತ್ರ, ಉಳಿದ 1156 ಚುಕ್ಕಿಗಳ ಅಗಲ ಎರಡೂ ಪಕ್ಕದಲ್ಲಿ ಬೂದುಬಣ್ಣದ ಬಯಲು. ಅದೇ ಮಾನಿಟರನ್ನು ನಿಲ್ಲಿಸಿದರೆ ಹಾಳೆ 1080 ಚುಕ್ಕಿ ಅಗಲಕ್ಕೆ ಹಿಗ್ಗುತ್ತದೆ, ವಿಸ್ತೀರ್ಣದಲ್ಲಿ ಸರಿಯಾಗಿ ಎರಡು ಪಟ್ಟಾಗುತ್ತದೆ, ಕೆಳಗೆ ಇನ್ನೂ ಸುಮಾರು 390 ಚುಕ್ಕಿಯಷ್ಟು ಜಾಗ ಮಿಗುತ್ತದೆ. ಹೊಸ ಮಾನಿಟರ್ ಕೊಳ್ಳದೆ, ಒಂದು ಪೈಸೆ ಖರ್ಚಿಲ್ಲದೆ ಸಿಗುವ ಎರಡರಷ್ಟು ಹಾಳೆ ಇದು. ಲೀಗಲ್ ಹಾಳೆಯಂತೂ ನಿಂತ ಪರದೆಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ. ಅದರ ಎತ್ತರ ಅಗಲದ 1.65ರಷ್ಟು, ಪರದೆಯದು 1.78.

ದಿನಪತ್ರಿಕೆಯ ಪುಟಕ್ಕೆ ಬಂದರೆ ಅಂತರ ಇನ್ನೂ ಎದ್ದು ಕಾಣುತ್ತದೆ. ನಮ್ಮ ದೊಡ್ಡ ಅಳತೆಯ ಪತ್ರಿಕೆಗಳ ಅಚ್ಚಿನ ಭಾಗ ಸುಮಾರು 33 ಸೆಂ.ಮೀ. ಅಗಲ, 52 ಸೆಂ.ಮೀ. ಎತ್ತರ. 24 ಅಂಗುಲದ ಮಾನಿಟರಿನ ಗಾಜು 53 ಸೆಂ.ಮೀ.ಗೆ 30 ಸೆಂ.ಮೀ. ಅಡ್ಡ ಇಟ್ಟಾಗ ಪೂರ್ತಿ ಪುಟ ನಿಜ ಅಳತೆಯ ಅರ್ಧಕ್ಕಿಂತ ತುಸು ಮೇಲಷ್ಟೇ ದೊಡ್ಡದಾಗಿ ಕಾಣುತ್ತದೆ. ತಲೆಬರಹ ಓದಬಹುದು, ಸುದ್ದಿ ಓದಲಾಗದು. ನಿಲ್ಲಿಸಿದರೆ ಪುಟ ನಿಜ ಅಳತೆಯ ಶೇ 90ರಷ್ಟಾಗಿ ಎದುರಿಗೆ ನಿಲ್ಲುತ್ತದೆ. ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರಗಳಲ್ಲಿ ಹೊರಡುವಂಥ ಟ್ಯಾಬ್ಲಾಯ್ಡ್ ಅಳತೆಯ ಸ್ಥಳೀಯ ಪತ್ರಿಕೆಗಳ ಪುಟ ಕಟ್ಟುವವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. 24 ಅಂಗುಲದ ನಿಂತ ಪರದೆಯಲ್ಲಿ ಎ3 ಹಾಳೆ, ಅಂದರೆ 29.7×42 ಸೆಂ.ಮೀ., ಹೆಚ್ಚು ಕಡಿಮೆ ನಿಜ ಗಾತ್ರದಲ್ಲೇ ಕೂರುತ್ತದೆ. ಪ್ರೂಫ್ ತೆಗೆಯದೆಯೇ ಪುಟ ಹೇಗೆ ಕಾಣುತ್ತದೆಂದು ಗೊತ್ತಾಗುತ್ತದೆ.

ಕನ್ನಡಕ್ಕೆ ಇದರಲ್ಲಿ ಇಂಗ್ಲಿಷಿಗಿಂತ ಹೆಚ್ಚಿನ ಹಕ್ಕಿದೆ. ಇಂಗ್ಲಿಷ್ ಸಾಲು ಚಪ್ಪಟೆ. ಕನ್ನಡದ ಸಾಲಿಗೆ ಮೇಲೆ ಗುಡಿಸು, ಕೆಳಗೆ ಒತ್ತು. ‘ರಾಷ್ಟ್ರೀಯ’ ಎಂದು ಟೈಪ್ ಮಾಡಿದರೆ ಷಕಾರದ ಕೆಳಗೆ ಟಕಾರ, ಅದರ ಪಕ್ಕಕ್ಕೆ ರಕಾರ ಬಂದು ಕೂರುತ್ತವೆ. ಇವು ಕೆಳಗಿನ ಸಾಲಿನ ತಲೆಗೆ ತಾಗದಿರಲು ಸಾಲುಗಳ ನಡುವೆ ಹೆಚ್ಚು ಅಂತರ ಬಿಡಲೇಬೇಕು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ತುಂಗಾ ಅಕ್ಷರವನ್ನು ಬಳಸಿದವರಿಗೆ ನೆನಪಿರಬಹುದು, ಇಂಗ್ಲಿಷಿನ ನಡುವೆ ಒಂದೇ ಒಂದು ಕನ್ನಡ ಪದ ಬಂದರೂ ಆ ಸಾಲು ಉಳಿದವುಗಳಿಂದ ದೂರ ಸರಿದುಬಿಡುತ್ತಿತ್ತು. ನುಡಿ, ಬರಹ ತಂತ್ರಾಂಶಗಳ ಅಕ್ಷರಗಳಲ್ಲೂ ಇದೇ ಲೆಕ್ಕ. ಅಡ್ಡ ಪರದೆಯಲ್ಲಿ ಇಂಗ್ಲಿಷಿನ ಮೂವತ್ತು ಸಾಲು ಹಿಡಿಸುವ ಜಾಗದಲ್ಲಿ ಕನ್ನಡದವು ಎಷ್ಟೋ ಕಡಿಮೆ ಹಿಡಿಸುತ್ತವೆ. ಎತ್ತರ ಕಡಿಮೆ ಇರುವ ಪರದೆ ಕನ್ನಡಿಗನಿಗೆ ಎರಡು ಸಲ ಕಡಿಮೆ.

ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಪ್ರತಿಯಲ್ಲಿ ಓದುವವರಿಗೂ ಇದು ದೊಡ್ಡ ವಿಷಯವೇ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೇ ಸಂಪುಟ, ಅಂದರೆ ತುಮಕೂರು ಜಿಲ್ಲೆಯ ಶಾಸನಗಳ ಸಂಪುಟ, 1904ರಲ್ಲಿ ಅಚ್ಚಾಯಿತು. ಶಿರಾ, ಮಧುಗಿರಿ, ಪಾವಗಡ ಸೀಮೆಯ ಚರಿತ್ರೆ ಬರೆಯಹೊರಟ ಯಾವ ಮೇಷ್ಟರೂ ಅದನ್ನು ತೆರೆಯದೆ ಮುಂದೆ ಹೋಗುವಂತಿಲ್ಲ. ಸಣ್ಣ ಅಚ್ಚು, ಕೆಳಗೆ ಅಡಿಟಿಪ್ಪಣಿ. ಅಡ್ಡ ಲ್ಯಾಪ್‌ಟಾಪಿನಲ್ಲಿ ಒಂದು ಪುಟವನ್ನು ಮೂರು ಕಂತಿನಲ್ಲಿ ಓದಬೇಕು. ಅಡಿಟಿಪ್ಪಣಿಗೆ ಇಳಿದು ಮತ್ತೆ ಮೇಲೆ ಹತ್ತುವಷ್ಟರಲ್ಲಿ ಶಾಸನದ ಸಾಲು ತಪ್ಪಿರುತ್ತದೆ. ನಿಂತ ಪರದೆಯಲ್ಲಿ ಪುಟ ಇಡಿಯಾಗಿ ಕಣ್ಣೆದುರಿಗಿರುತ್ತದೆ.

ಹಾಗಾದರೆ ಎಲ್ಲ ಪರದೆಗಳನ್ನೂ ಎಬ್ಬಿಸಿ ನಿಲ್ಲಿಸಿಬಿಡೋಣವೇ? ಬೇಡ. ನಮ್ಮದೇ ಓಲೆಗರಿ ಅದಕ್ಕೆ ಒಪ್ಪುವುದಿಲ್ಲ. ತಾಳೆಯ ಗರಿ ಸಾಮಾನ್ಯವಾಗಿ ಎರಡಂಗುಲ ಅಗಲ, ಒಂದು ಒಂದೂವರೆ ಅಡಿ ಉದ್ದ. ಕಂಠದಿಂದ ಗೀಚಿದ ಸಾಲು ಈ ತುದಿಯಿಂದ ಆ ತುದಿಗೆ ಓಡುತ್ತದೆ. ಮೈಸೂರಿನಲ್ಲಿ 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಭಂಡಾರಗಳಲ್ಲಿರುವ ಗರಿಯೊಂದರ ಚಿತ್ರವನ್ನು ನಿಂತ ಪರದೆಯಲ್ಲಿ ತೆರೆದರೆ ನಡುಮಧ್ಯೆ ಒಂದು ದಾರದೆಳೆ ಕಾಣುತ್ತದೆ, ಮೇಲೂ ಕೆಳಗೂ ಖಾಲಿ. ಪಹಣಿಯದೂ ಇದೇ ಕಥೆ. ಕಾಲಂ 9ರ ಹೆಸರನ್ನೂ 11ರ ಋಣವನ್ನೂ ಒಂದೇ ನೋಟದಲ್ಲಿ ನೋಡಬೇಕಾದವನಿಗೆ ಅಡ್ಡ ಪರದೆಯೇ ಸರಿ. ಗ್ರಾಮ ಪಂಚಾಯಿತಿಯ ಎಕ್ಸೆಲ್ ಪಟ್ಟಿ, ಹಾಲಿನ ಡೇರಿಯ ಲೆಕ್ಕ, ಶಾಲೆಯ ಅಂಕಪಟ್ಟಿ ಎಲ್ಲವೂ ಅಗಲವನ್ನೇ ಬೇಡುತ್ತವೆ.

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಿನ ಸೌರ ವಿದ್ಯುತ್ ಪಾರ್ಕನ್ನು ನೋಡಿದರೆ ಎರಡೂ ಆಕಾರಗಳು ಒಂದೇ ಕಡತದಲ್ಲಿ ಜೊತೆಯಾಗಿರುವುದು ತಿಳಿಯುತ್ತದೆ. ಅಲ್ಲಿ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಕೊಂಡುಕೊಂಡದ್ದಲ್ಲ, ಗುತ್ತಿಗೆಗೆ ಪಡೆದದ್ದು. 2,050 ಮೆಗಾವ್ಯಾಟಿನ ಆ ಪಾರ್ಕಿನ ಪ್ರತಿ ತುಂಡು ನೆಲಕ್ಕೂ ಒಂದು ಅಡ್ಡ ಪಹಣಿ ಉಂಟು, ಒಂದು ಉದ್ದ ಕರಾರು ಉಂಟು. ಒಂದನ್ನು ನೋಡಿ ಇನ್ನೊಂದಕ್ಕೆ ಸರ್ವೆ ನಂಬರು, ಎಕರೆ, ಗುಂಟೆ ತುಂಬಬೇಕಾದವರಿಗೆ ಬೇಕಾದದ್ದು ಅಡ್ಡ ಪರದೆಯೂ ಅಲ್ಲ, ನಿಂತ ಪರದೆಯೂ ಅಲ್ಲ, ಎರಡೂ. ಲ್ಯಾಪ್‌ಟಾಪ್ ಅಡ್ಡ, ಪಕ್ಕದಲ್ಲೊಂದು ಮಾನಿಟರ್ ಉದ್ದ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕೋಡ್ ಬರೆಯುವವರು ಇಂಥ ಜೋಡಣೆಯನ್ನು ಎಂದೋ ಕಂಡುಕೊಂಡಿದ್ದಾರೆ. ಕೋಡ್ ಎಂದರೆ ಗಿಡ್ಡ ಸಾಲುಗಳ ಉದ್ದ ಪಟ್ಟಿ, ಅದಕ್ಕೆ ನಿಂತ ಪರದೆಯೇ ಹೇಳಿಸಿದ್ದು. ಆಸ್ಪತ್ರೆಗಳಲ್ಲಿ ಎದೆಯ ಎಕ್ಸ್‌ರೇ ನೋಡುವ ವೈದ್ಯರ ಮುಂದಿರುವ ವಿಶೇಷ ಮಾನಿಟರುಗಳೂ ಬಹುಮಟ್ಟಿಗೆ ನಿಂತವೇ, ಅದೂ ಜೋಡಿಯಾಗಿ. ಎದೆಯ ಫಿಲ್ಮು ನಿಂತ ಆಕಾರದ್ದು ಎಂಬುದೇ ಕಾರಣ.

ತಿರುಗಿಸುವ ಕ್ರಿಯೆ ಎರಡು ಭಾಗದ್ದು, ಗೊಂದಲವೆಲ್ಲ ಇಲ್ಲಿಂದಲೇ. ಗಾಜನ್ನು ಕೈ ತಿರುಗಿಸಬೇಕು, ಚಿತ್ರವನ್ನು ಕಂಪ್ಯೂಟರ್ ತಿರುಗಿಸಬೇಕು. ಸಾಮಾನ್ಯ ಮಾನಿಟರಿಗೆ ತಾನು ನಿಂತಿದ್ದೇನೋ ಮಲಗಿದ್ದೇನೋ ಎಂಬ ಅರಿವಿಲ್ಲ. ವಿಂಡೋಸ್‌ನಲ್ಲಿ ಖಾಲಿ ಜಾಗದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಡಿಸ್‌ಪ್ಲೇ ಸೆಟ್ಟಿಂಗ್ಸ್’ಗೆ ಹೋದರೆ ‘ಡಿಸ್‌ಪ್ಲೇ ಓರಿಯೆಂಟೇಶನ್’ ಎಂಬಲ್ಲಿ ನಾಲ್ಕು ಆಯ್ಕೆಗಳು: ಲ್ಯಾಂಡ್‌ಸ್ಕೇಪ್, ಪೋರ್ಟ್ರೇಟ್, ಮತ್ತೆ ಅವೆರಡರ ಉಲ್ಟಾ. ಎರಡು ಪರದೆಗಳಿದ್ದರೆ ಮೊದಲು ಯಾವುದನ್ನು ತಿರುಗಿಸಬೇಕೋ ಅದರ ಮೇಲೆ ಕ್ಲಿಕ್ ಮಾಡಿಕೊಳ್ಳಬೇಕು, ಇಲ್ಲವಾದರೆ ಅದನ್ನು ಬಿಟ್ಟು ಇದು ಮಗುಚುತ್ತದೆ. ಬದಲಾಯಿಸಿದ ಮೇಲೆ ‘ಇದನ್ನೇ ಉಳಿಸಲೇ?’ ಎಂದು ಕೇಳಿ ಹದಿನೈದು ಸೆಕೆಂಡು ಕಾಯುತ್ತದೆ, ಉತ್ತರ ಬಾರದಿದ್ದರೆ ಹಿಂದಿನಂತೆಯೇ ಆಗುತ್ತದೆ. ದಾರಿ ತಪ್ಪಿದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ: ಏನನ್ನೂ ಮುಟ್ಟದೆ ಕೈಕಟ್ಟಿ ಕೂತರೆ ಸಾಕು. ಆಪಲ್ ಯಂತ್ರಗಳಲ್ಲಿ ಹೊರಗಿನ ಮಾನಿಟರಿಗೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲೇ ‘ರೊಟೇಶನ್’ ಎಂದು 90, 180, 270 ಡಿಗ್ರಿಗಳ ಪಟ್ಟಿ ಇರುತ್ತದೆ. ಲಿನಕ್ಸ್‌ನಲ್ಲೂ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಸಿಗುತ್ತದೆ. ಆಜ್ಞೆ ಬರೆದೇ ಮಾಡುವ ಹಟವಿದ್ದವರಿಗೆ ಎಕ್ಸ್‌ರ್ಯಾಂಡರ್ ಇದೆ.

ಇನ್ನು ಆ ಕುಖ್ಯಾತ ಕೈತಪ್ಪು. ಇಂಟೆಲ್ ಗ್ರಾಫಿಕ್ಸ್ ಇದ್ದ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಕಂಟ್ರೋಲ್, ಆಲ್ಟ್ ಎರಡನ್ನೂ ಹಿಡಿದು ಬಾಣದ ಕೀ ಒತ್ತಿದರೆ ಪರದೆ ಆ ದಿಕ್ಕಿಗೆ ತಿರುಗುತ್ತಿತ್ತು. ಕೆಳಬಾಣ ಒತ್ತಿದರೆ ತಲೆಕೆಳಗು. ಕಾಲೇಜು ವಿದ್ಯಾರ್ಥಿಗಳಿಗೆ ಸರ್ಕಾರ ಕೊಟ್ಟ ಉಚಿತ ಲ್ಯಾಪ್‌ಟಾಪ್ ಆಗಲಿ, ಸೈಬರ್ ಸೆಂಟರಿನ ಹಳೇ ಡಬ್ಬ ಆಗಲಿ, ಕೀಬೋರ್ಡ್ ಒರೆಸುವಾಗಲೋ ಮಗು ಕೈ ಇಟ್ಟಾಗಲೋ ಇದು ಆಗಿಯೇ ತೀರುತ್ತಿತ್ತು. “ಅಣ್ಣಾ, ಏನೋ ಒತ್ಬಿಟ್ಟೆ, ಸ್ಕ್ರೀನ್ ಉಲ್ಟಾ ಆಗೋಗದೆ” ಎಂದು ಬಂದವರಿಗೆ ಅಂಗಡಿಯವನು ಮೇಲ್ಬಾಣ ಒತ್ತಿ ಸರಿಮಾಡಿಕೊಡುತ್ತಿದ್ದ. ಕೆಲವರು ಸುಮ್ಮನೆ ಕಳಿಸಿದರು, ಕೆಲವರು ಸರ್ವೀಸ್ ಚಾರ್ಜ್ ತೆಗೆದುಕೊಂಡರು. ಹೊಸ ಡ್ರೈವರುಗಳಲ್ಲಿ ಈ ಕೀಲಿಗಳು ತಾವಾಗಿ ಕೆಲಸ ಮಾಡುವುದಿಲ್ಲ. ಅದರಿಂದ ಕೈತಪ್ಪು ಕಡಿಮೆಯಾಗಿದೆ, ಬೇಕೆಂದು ತಿರುಗಿಸುವವರಿಗೆ ಒಂದು ಸುಲಭ ದಾರಿಯೂ ಮುಚ್ಚಿದೆ.

ತಲೆಕೆಳಗಾದ ಪರದೆಯಲ್ಲಿ ಸೆಟ್ಟಿಂಗ್ ಹುಡುಕಹೊರಟವರ ಪಾಡು ನೋಡಬೇಕು. ಮೌಸ್ ಬಲಕ್ಕೆ ಸರಿಸಿದರೆ ಬಾಣ ಎಡಕ್ಕೆ ಹೋಗುತ್ತದೆ, ಮೇಲಕ್ಕೆ ತಳ್ಳಿದರೆ ಕೆಳಕ್ಕೆ. ಕಾರಣ ಸರಳ. ಕಂಪ್ಯೂಟರಿನ ಲೆಕ್ಕದಲ್ಲಿ ಮೌಸೂ ಚಿತ್ರವೂ ಒಂದೇ ದಿಕ್ಕಿನಲ್ಲಿವೆ, ಆದರೆ ಗಾಜು ಮಾತ್ರ ಮೊದಲಿದ್ದಂತೆಯೇ ಇದೆ. ಮಾನಿಟರನ್ನೇ ಎತ್ತಿ ತಿರುವಿ ಹಿಡಿದರೆ ಮೌಸ್ ತಟ್ಟನೆ ಹೇಳಿದ ಮಾತು ಕೇಳತೊಡಗುತ್ತದೆ.

ಗಾಜು ತಿರುಗಿಸುವುದರಲ್ಲೂ ತೊಡಕಿದೆ. ಅಗ್ಗದ ಮಾನಿಟರುಗಳ ಕಾಲು ಹಿಂದಕ್ಕೆ ಮುಂದಕ್ಕೆ ಬಾಗುತ್ತದೆ, ಅಷ್ಟೇ. ತಿರುಗುವ ಕಾಲಿದ್ದರೂ ಮೊದಲು ಪರದೆಯನ್ನು ಪೂರ್ತಿ ಮೇಲಕ್ಕೆ ಎಳೆದು, ತುಸು ಹಿಂದಕ್ಕೆ ವಾಲಿಸಿ, ಆಮೇಲೆ ತಿರುಗಿಸಬೇಕು. ತಗ್ಗಿನಲ್ಲಿಟ್ಟೇ ತಿರುಗಿಸಹೋದರೆ ಮೂಲೆ ಮೇಜಿಗೆ ಬಡಿಯುತ್ತದೆ. ಹಿಂದೆ ಸಿಕ್ಕಿಸಿದ ಎಚ್‌ಡಿಎಂಐ ವಯರು ಬಿಗಿಯಾಗಿದ್ದರೆ ತಿರುಗುವಾಗ ಜಗ್ಗಿ ಪೋರ್ಟೇ ಸಡಿಲವಾಗುತ್ತದೆ, ಒಂದು ಗೇಣು ಸಡಿಲ ಬಿಟ್ಟಿರಬೇಕು. ಕಾಲು ತಿರುಗದ ಮಾನಿಟರಿನ ಬೆನ್ನಲ್ಲಿ ನಾಲ್ಕು ಸ್ಕ್ರೂ ತೂತುಗಳಿದ್ದರೆ, 75 ಅಥವಾ 100 ಮಿ.ಮೀ. ಚೌಕದಲ್ಲಿ, ಬೇರೆ ಹಿಡಿಕೆ ಕೊಂಡು ನಿಲ್ಲಿಸಬಹುದು. ಈ ತೂತುಗಳ ಅಳತೆಗೆ ವೆಸಾ ಎಂಬ ಅಂತರರಾಷ್ಟ್ರೀಯ ಕಟ್ಟಳೆಯಿದೆ.

ನಿಲ್ಲಿಸಿದ ಮೇಲೂ ಕೆಲವು ಪರದೆಗಳು ಮುನಿಸಿಕೊಳ್ಳುತ್ತವೆ. ಟಿಎನ್ ಎಂಬ ಹಳೆಯ, ಅಗ್ಗದ ಬಗೆಯ ಗಾಜನ್ನು ಮೇಲಿನಿಂದಲೋ ಕೆಳಗಿನಿಂದಲೋ ನೋಡಿದರೆ ಬಣ್ಣ ಕೆಡುತ್ತದೆ. ಅದನ್ನು ಪಕ್ಕಕ್ಕೆ ತಿರುಗಿಸಿದಾಗ ಮೇಲು ಕೆಳಗಿನ ದೋಷ ಎಡ ಬಲಕ್ಕೆ ಬರುತ್ತದೆ, ಒಂದು ಕಣ್ಣಿಗೆ ಕಂಡ ಬಿಳುಪು ಇನ್ನೊಂದಕ್ಕೆ ಕಾಣುವುದಿಲ್ಲ. ಹತ್ತು ನಿಮಿಷದಲ್ಲಿ ತಲೆ ಭಾರ. ಐಪಿಎಸ್ ಬಗೆಯ ಗಾಜಿಗೆ ಈ ರೋಗ ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ಸೂಕ್ಷ್ಮ ಅಕ್ಷರದ ಅಂಚಿಗೆ ಸೇರಿದ್ದು. ಪರದೆಯ ಪ್ರತಿ ಚುಕ್ಕಿಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಪಟ್ಟಿಗಳು ಪಕ್ಕಪಕ್ಕ ಕೂಡಿದ್ದು. ಮೈಕ್ರೋಸಾಫ್ಟ್ 1998ರಲ್ಲಿ ಪ್ರಕಟಿಸಿದ ಕ್ಲಿಯರ್‌ಟೈಪ್ ವಿದ್ಯೆ ಈ ಮೂರನ್ನೂ ಬೇರೆ ಬೇರೆಯಾಗಿ ಬೆಳಗಿಸಿ ಅಕ್ಷರವನ್ನು ನುಣುಪು ಮಾಡುತ್ತದೆ. ಪರದೆ ನಿಂತಾಗ ಪಟ್ಟಿಗಳು ಒಂದರ ಮೇಲೊಂದು ಬರುತ್ತವೆ, ಲೆಕ್ಕ ತಪ್ಪುತ್ತದೆ, ಸಣ್ಣ ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಕಾಣುತ್ತದೆ. ಒತ್ತಕ್ಷರದ ಸಣ್ಣ ಸುರುಳಿಗಳಲ್ಲಿ ಅದು ಎದ್ದು ತೋರುತ್ತದೆ. ಚುಕ್ಕಿಗಳು ದಟ್ಟವಾಗಿರುವ ಹೊಸ ಪರದೆಗಳಲ್ಲಿ ಇದು ಲೆಕ್ಕಕ್ಕೆ ಬರದಷ್ಟು ಕಡಿಮೆ. ಹಳೆಯದರಲ್ಲಿ ಕ್ಲಿಯರ್‌ಟೈಪ್ ಆಫ್ ಮಾಡಿದರೆ ಪರಿಹಾರ.

ಕತ್ತಿನ ವಿಚಾರವನ್ನು ಮಾರುವವರು ಹೇಳುವುದಿಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲೋ ತುಸು ಕೆಳಗೋ ಇರಬೇಕೆಂಬುದು ಕುಳಿತು ಕೆಲಸ ಮಾಡುವವರಿಗೆ ಹೇಳುವ ಸಾಮಾನ್ಯ ಸಲಹೆ. 24 ಅಂಗುಲದ ಮಾನಿಟರ್ ನಿಂತರೆ ಗಾಜೇ 53 ಸೆಂ.ಮೀ. ಎತ್ತರ, ಕಾಲಿನ ಎತ್ತರ ಬೇರೆ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ ಆಪರೇಟರಿಗೆ ಮೇಲಂಚು ಹಣೆಗಿಂತ ಎತ್ತರದಲ್ಲಿರುತ್ತದೆ. ನಲವತ್ತು ದಾಟಿ, ಓದುವ ಭಾಗ ಕೆಳಗಿರುವ ಬೈಫೋಕಲ್ ಕನ್ನಡಕ ಹಾಕಿದವರಾದರೆ ಮೇಲಿನ ಸಾಲು ಓದಲು ಗದ್ದ ಎತ್ತಬೇಕು. ಸಂಜೆಯ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಇಂಥವರಿಗೆ 27 ಅಂಗುಲದ್ದನ್ನು ನಿಲ್ಲಿಸುವುದಂತೂ ಬೇಡವೇ ಬೇಡ; 22ರದ್ದು ಸಾಕು.

ಲ್ಯಾಪ್‌ಟಾಪನ್ನೇ ತಿರುಗಿಸುವ ವಿಚಾರದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಚಿತ್ರವನ್ನು ತೊಂಬತ್ತು ಡಿಗ್ರಿ ತಿರುಗಿಸಿ, ಯಂತ್ರವನ್ನು ತೆರೆದ ಪುಸ್ತಕದಂತೆ ಎರಡು ಕೈಯಲ್ಲಿ ಹಿಡಿದು ಓದುವವರಿದ್ದಾರೆ. ಓದಬಹುದು, ಬರೆಯಲಾಗದು, ಕೈ ಬೇಗ ಸೋಲುತ್ತದೆ. 2012ರಲ್ಲಿ ಲೆನೊವೊ ಯೋಗ ಬಂದ ಮೇಲೆ ಪೂರ್ತಿ ಹಿಂದಕ್ಕೆ ಮಡಚುವ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾದವು. ಅದೇ ವರ್ಷದ ವಿಂಡೋಸ್ 8 ಫೋನಿನಂತೆ ತಾನೇ ತಿರುಗುವುದನ್ನು ಕಲಿತಿತ್ತು. ವಿಂಡೋಸ್ ಕೀ ಜೊತೆ ‘ಓ’ ಒತ್ತಿದರೆ ಆ ತಿರುಗಾಟಕ್ಕೆ ಬೀಗ.

ಪರದೆಯನ್ನಲ್ಲ, ಕಾಗದವನ್ನು ತಿರುಗಿಸಬೇಕಾದ ಸಂದರ್ಭಗಳೇ ನಿಜವಾಗಿ ಹೆಚ್ಚು. ಮೊಬೈಲಿನಲ್ಲಿ ತೆಗೆದ ಜಾತಿ ಪ್ರಮಾಣಪತ್ರದ ಫೋಟೊ, ಹಳೇ ಕ್ರಯಪತ್ರದ ಫೋಟೊ ಕಂಪ್ಯೂಟರಿಗೆ ಬಂದಾಗ ಅಡ್ಡಬಿದ್ದಿರುತ್ತದೆ. ನೋಡುವವರು ತಲೆಯನ್ನು ಹೆಗಲಿಗೆ ವಾಲಿಸುತ್ತಾರೆ. ಯಾಕೆ ಹೀಗೆ? ಫೋನಿನೊಳಗಿನ ಆಕ್ಸೆಲೆರೋಮೀಟರ್ ಎಂಬ ಸಣ್ಣ ಚಿಪ್ಪಿನಲ್ಲಿ ಸಿಲಿಕಾನಿನ ಪುಟ್ಟ ತೂಕವೊಂದು ತೂಗಾಡುತ್ತಿರುತ್ತದೆ. ಭೂಮಿ ಅದನ್ನು ಯಾವ ಕಡೆಗೆ ಎಳೆಯುತ್ತದೋ ಅದೇ ಕೆಳಗು ಎಂದು ಫೋನು ತಿಳಿಯುತ್ತದೆ. 2007ರ ಐಫೋನ್ ಈ ಆಟವನ್ನು ಜಗತ್ತಿಗೆಲ್ಲ ಪರಿಚಯಿಸಿತು. ಆದರೆ ಮೇಜಿನ ಮೇಲಿಟ್ಟ ಕಾಗದದ ಫೋಟೊ ತೆಗೆಯುವಾಗ ಫೋನು ನೆಲಕ್ಕೆ ಸಮವಾಗಿ ಮಲಗಿರುತ್ತದೆ. ಭೂಮಿಯ ಸೆಳೆತ ಪರದೆಯ ಬೆನ್ನಿನ ಕಡೆಗೆ ನೇರ. ಎಡ ಯಾವುದು, ಬಲ ಯಾವುದು, ಕೆಳಗು ಯಾವುದು ಎಂದು ಹೇಳಲು ಫೋನಿಗೆ ಆಧಾರವೇ ಇಲ್ಲ. ಕೊನೆಯ ಸಲ ಏನು ತಿಳಿದಿತ್ತೋ ಅದನ್ನೇ ಬರೆದುಕೊಳ್ಳುತ್ತದೆ.

ಬರೆದುಕೊಳ್ಳುವುದೂ ಒಂದು ಅಂಕೆಯಾಗಿ. ಫೋಟೊದ ಚುಕ್ಕಿಗಳನ್ನು ತಿರುಗಿಸದೆ, ‘ಇದನ್ನು ಇಷ್ಟು ತಿರುಗಿಸಿ ತೋರಿಸು’ ಎಂದು 1ರಿಂದ 8ರೊಳಗಿನ ಒಂದು ಗುರುತನ್ನು ಕಡತದೊಳಗೆ ಇಡುತ್ತದೆ. ಎಕ್ಸಿಫ್ ಎಂಬ ಈ ಪದ್ಧತಿ ಜಪಾನಿನಲ್ಲಿ 1990ರ ದಶಕದಲ್ಲಿ ಹುಟ್ಟಿದ್ದು. ಫೋನಿನ ಗ್ಯಾಲರಿ ಆ ಗುರುತನ್ನು ಓದಿ ಫೋಟೊವನ್ನು ನೇರ ತೋರಿಸುತ್ತದೆ, ಅದನ್ನು ಓದದ ತಂತ್ರಾಂಶ ಅಡ್ಡ ತೋರಿಸುತ್ತದೆ. ಮನೆಯಲ್ಲಿ ನೇರ ಇದ್ದ ಫೋಟೊ ಅರ್ಜಿಗೆ ಅಂಟಿಸಿದಾಗ ಅಡ್ಡಬೀಳುವ ರಹಸ್ಯ ಇದು. ಫೋಟೊವನ್ನು ಒಮ್ಮೆ ಎಡಿಟ್ ಮಾಡಿ ತಿರುಗಿಸಿ ಹೊಸದಾಗಿ ಉಳಿಸಿದರೆ, ಇಲ್ಲವೇ ಸ್ಕ್ಯಾನ್ ಆ್ಯಪ್‌ನಲ್ಲಿ ಪಿಡಿಎಫ್ ಮಾಡಿದರೆ ತೊಂದರೆ ತಪ್ಪುತ್ತದೆ. ಪಿಡಿಎಫ್ಫೇ ಅಡ್ಡ ಬಂದರೆ ಅಕ್ರೊಬ್ಯಾಟ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪ್ಲಸ್ ಸಾಕು. ಮಾನಿಟರಿಗೆ ಕೈ ಹಚ್ಚಬೇಕಿಲ್ಲ.

ಶಾಲೆಗಳ ಸ್ಮಾರ್ಟ್‌ಕ್ಲಾಸ್ ಪ್ರೊಜೆಕ್ಟರಿನದೂ ಇಂಥದ್ದೇ ಒಂದು ಉಲ್ಟಾ. ಸೂರಿಗೆ ಬೋರಲಾಗಿ ತೂಗುಹಾಕಿದ ಪ್ರೊಜೆಕ್ಟರ್ ಪಾಠವನ್ನು ತಲೆಕೆಳಗಾಗಿ ಬಿತ್ತರಿಸುತ್ತದೆ. ಮೇಷ್ಟರು ಲ್ಯಾಪ್‌ಟಾಪಿನಲ್ಲಿ ಪರದೆ ತಿರುಗಿಸಿದರೆ ಗೋಡೆಯ ಮೇಲೆ ಸರಿಯಾಗುತ್ತದೆ, ಲ್ಯಾಪ್‌ಟಾಪಿನಲ್ಲಿ ಉಲ್ಟಾ ಆಗುತ್ತದೆ. ಮಾಡಬೇಕಾದದ್ದು ಪ್ರೊಜೆಕ್ಟರಿನದೇ ಮೆನುವಿನಲ್ಲಿ ‘ಸೀಲಿಂಗ್’ ಎಂದು ಆರಿಸುವುದು.

ಈ ನಡುವೆ ನಿಂತ ಪರದೆ ಸದ್ದಿಲ್ಲದೆ ಗೆದ್ದೂ ಆಗಿದೆ, ಮೇಜಿನ ಮೇಲಲ್ಲ, ಅಂಗೈಯಲ್ಲಿ, ಫೋನಿನ ನಿಂತ ವಿಡಿಯೊಗಳಲ್ಲಿ. ಟಿಕ್‌ಟಾಕ್ ಮೇಲೆ ಭಾರತ ಸರ್ಕಾರ ನಿಷೇಧ ಹಾಕಿದ್ದು 2020ರ ಜೂನ್ 29ರಂದು. ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸನ್ನು ಭಾರತದಲ್ಲೇ ಮೊದಲು ಪರೀಕ್ಷೆಗಿಟ್ಟಿತು. ಜಾತ್ರೆಯ ತೇರು, ಮದುವೆಯ ಆರತಿ, ಕಡಲೆಕಾಯಿ ಕೀಳುವ ಹೊಲ ಎಲ್ಲವೂ ಈಗ ನಿಂತ ಚೌಕಟ್ಟಿನಲ್ಲೇ ಚಿತ್ರವಾಗುತ್ತವೆ. ತೇರಿಗೆ ಆ ಆಕಾರ ಒಪ್ಪುತ್ತದೆ, ಹೊಲಕ್ಕೆ ಒಪ್ಪುವುದಿಲ್ಲ. ಸರ್ಕಾರದ ಅರ್ಜಿ ನಮೂನೆಗಳದ್ದೂ ಇದೇ ಗೋಳು. ಅಗಲ ಪರದೆಗೆಂದು ಕಟ್ಟಿದ ಕೋಷ್ಟಕಗಳನ್ನು ರೈತನೊಬ್ಬ ಮೊಬೈಲಿನಲ್ಲಿ ಬೆರಳಿನಿಂದ ಎಡಕ್ಕೂ ಬಲಕ್ಕೂ ತಳ್ಳುತ್ತ ತನ್ನ ಹೆಸರು ಹುಡುಕುತ್ತಾನೆ. ಫೋನನ್ನು ಅಡ್ಡ ಹಿಡಿಯೋಣವೆಂದರೆ ಕೀಬೋರ್ಡ್ ಮೇಲೆದ್ದು ಅರ್ಧ ಪರದೆ ನುಂಗುತ್ತದೆ.

ಕಂದಾಯ ಇಲಾಖೆ ಒಂದು ಕಾಲದಲ್ಲಿ ಪರದೆಯ ದಿಕ್ಕನ್ನು ಚೆನ್ನಾಗಿಯೇ ಯೋಚಿಸಿತ್ತು. ಎರಡು ಸಾವಿರದ ಇಸವಿಯ ಸುಮಾರಿಗೆ ಭೂಮಿ ಯೋಜನೆಯಲ್ಲಿ ಕರ್ನಾಟಕದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, 67 ಲಕ್ಷ ಹಿಡುವಳಿದಾರರದ್ದು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡವೂ ಸೇರಿ ಅಂದಿನ 177 ತಾಲ್ಲೂಕುಗಳಲ್ಲಿ ಭೂಮಿ ಕೇಂದ್ರ ಬಂತು, 15 ರೂಪಾಯಿಗೆ ಅಚ್ಚಾದ ಪಹಣಿ ಸಿಗತೊಡಗಿತು. ಆ ಕೇಂದ್ರಗಳ ವಿನ್ಯಾಸದಲ್ಲಿ ಆಪರೇಟರಿನ ಮಾನಿಟರಲ್ಲದೆ ಇನ್ನೊಂದು ಮಾನಿಟರೂ ಇತ್ತು. ಅದರ ಮುಖ ಕಿಟಕಿಯಾಚೆ ನಿಂತ ರೈತನ ಕಡೆಗೆ. ತನ್ನ ಸರ್ವೆ ನಂಬರಿಗೆ ಒಳಗೆ ಏನು ತೆರೆದಿದ್ದಾರೆ, ಏನು ಒತ್ತುತ್ತಿದ್ದಾರೆ ಎಂಬುದನ್ನು ಅವನು ತಾನೇ ನೋಡಬಹುದಿತ್ತು. ಅಡ್ಡವೋ ಉದ್ದವೋ ಎಂಬುದಕ್ಕಿಂತ ಮುಖ ಯಾರ ಕಡೆಗೆ ಎಂಬುದು ಅಲ್ಲಿ ಮುಖ್ಯವಾಯಿತು. ಇಂದು ಎಷ್ಟೋ ಕೌಂಟರುಗಳಲ್ಲಿ ಒಂದೇ ಮಾನಿಟರ್, ಬೆನ್ನು ಜನರ ಕಡೆಗೆ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದು ಪ್ರಿಂಟ್ ಕೈಗೆ ಬಂದಮೇಲೆಯೇ ತಿಳಿಯುತ್ತದೆ, ಆಮೇಲೆ ತಿದ್ದುಪಡಿಯ ಅರ್ಜಿ. ಪಕ್ಕಕ್ಕೆ ಹೊರಳುವ ಕಾಲಿನ ಮಾನಿಟರೊಂದಿದ್ದರೆ ಆಪರೇಟರು ಅದನ್ನು ಜನರತ್ತ ತಿರುಗಿಸಿ “ಹೆಸ್ರು ಸರೀಗದಾ ನೋಡ್ಕಳಿ ಗೌಡ್ರೇ” ಎನ್ನಬಹುದು.

ಕಾರ್ಖಾನೆಗಳೂ ಈಚೆಗೆ ಸ್ವಲ್ಪ ಮನಸ್ಸು ಬದಲಿಸಿವೆ. ಮೈಕ್ರೋಸಾಫ್ಟ್ ತನ್ನ ಸರ್ಫೇಸ್ ಪ್ರೊ ಯಂತ್ರಕ್ಕೆ 2014ರಲ್ಲೇ 3:2 ಅಳತೆ ಕೊಟ್ಟಿತ್ತು. 2020ರಿಂದೀಚೆಗೆ 16:10 ಅಳತೆಯ ಲ್ಯಾಪ್‌ಟಾಪ್‌ಗಳು ಮತ್ತೆ ಹೆಚ್ಚಿವೆ. ಅಗಲ ಅಷ್ಟೇ ಇದ್ದು ಎತ್ತರ ಶೇ 11ರಷ್ಟು ಜಾಸ್ತಿ, ಅಂದರೆ ಕನ್ನಡದ ಎರಡು ಮೂರು ಸಾಲು. ಎಲ್‌ಜಿ 2022ರಲ್ಲಿ ತಂದ 2560×2880 ಚುಕ್ಕಿಗಳ ಮಾನಿಟರ್ ಅಡ್ಡಕ್ಕಿಂತ ಉದ್ದವೇ ತುಸು ಹೆಚ್ಚು, ಹೆಚ್ಚುಕಡಿಮೆ ಚೌಕ. ಅಡ್ಡ ಪಹಣಿ ಮೇಲೆ, ಕರಾರು ಕೆಳಗೆ ಎಂದು ಎರಡನ್ನೂ ಒಟ್ಟಿಗೆ ತೆರೆಯಬಹುದು. ಬೆಲೆ ಮಾತ್ರ ಹೋಬಳಿ ಅಂಗಡಿಯದ್ದಲ್ಲ. ಅಲ್ಲಿಗೆ ಸಾಮಾನ್ಯ 22 ಅಥವಾ 24 ಅಂಗುಲದ ಐಪಿಎಸ್ ಮಾನಿಟರೇ ಸರಿ. ಕೊಳ್ಳುವಾಗ ಡಬ್ಬದ ಮೇಲೆ ‘ಪಿವಟ್’ ಎಂದು ಬರೆದಿದೆಯೇ ನೋಡಬೇಕು. ‘ಟಿಲ್ಟ್’ ಎಂದಷ್ಟೇ ಇದ್ದರೆ ಬೆನ್ನು ತಿರುವಿಸಿ ನಾಲ್ಕು ತೂತುಗಳಿವೆಯೇ ಎಂದು ಕೈಯಾಡಿಸಿ ನೋಡಬೇಕು. ಎರಡೂ ಇಲ್ಲದಿದ್ದರೆ ಅಂಗಡಿಯವನು ಎಷ್ಟು ಕಡಿಮೆ ಮಾಡಿದರೂ ಅದನ್ನು ಅಲ್ಲೇ ಬಿಟ್ಟು ಬರುವುದು ಲೇಸು.